ಅನಿಮೇಶನ್ ಸ್ಟುಡಿಯೋಗೆ ಫೈಲ್ ಸರ್ವರ್: ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಇರುವಲ್ಲಿ ಎಲ್ಲಿಂದ ಶುರು ಮಾಡಬೇಕು?

ಮರೋಳದ ಮಲ್ಲಿಗೆ, ಮುಂಬೈ

ಎಲ್ಲರಿಗೂ ನಮಸ್ಕಾರ. ಅಂಧೇರಿ ಪೂರ್ವದ ಮರೋಳದಲ್ಲಿರುವ ಒಂದು ಅನಿಮೇಶನ್ ಸ್ಟುಡಿಯೋದಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಮಕ್ಕಳ ಪದ್ಯಗಳ ಸರಣಿಯೊಂದನ್ನು ಕನ್ನಡ, ಮರಾಠಿ, ಹಿಂದಿಯಲ್ಲಿ ಮಾಡುತ್ತಿದ್ದೇವೆ. ಮಾಯಾ ಮತ್ತು ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಶನ್ ತಂತ್ರಾಂಶಗಳಿಗೆ 18 ವಿಂಡೋಸ್ ಯಂತ್ರಗಳು, ಸಂಕಲನ ಮತ್ತು ಧ್ವನಿಗೆ 6 ಮ್ಯಾಕ್‌ಗಳು, ರೆಂಡರ್‌ಗೆ (ಸೀನ್‌ಗಳಿಂದ ಅಂತಿಮ ಚಿತ್ರಗಳನ್ನು ತೆಗೆಯಲು) 10 ಲಿನಕ್ಸ್ ಯಂತ್ರಗಳು. ಫೈಲ್‌ಗಳೆಲ್ಲ ಇರುವುದು ಒಂದು ವಿಂಡೋಸ್ 10 ಡೆಸ್ಕ್‌ಟಾಪ್‌ನ ಶೇರ್ ಫೋಲ್ಡರ್‌ನಲ್ಲಿ. ಸಂಕಲನದವರದ್ದು ಬೇರೆ, ಹಳೆಯ ಮ್ಯಾಕ್ ಮಿನಿಯೊಂದರಲ್ಲಿ.

ತೊಂದರೆಗಳು ಒಂದರ ಬೆನ್ನಿಗೆ ಒಂದು ಬರುತ್ತಿವೆ. ಬೆಳಿಗ್ಗೆ ತಡವಾಗಿ ಬಂದವರಿಗೆ ಶೇರ್ ತೆರೆಯುವುದೇ ಇಲ್ಲ. ಕಲಾವಿದರ ಪರದೆಯ ಮೇಲೆ ಚೆನ್ನಾಗಿ ಕಾಣುವ ಮರದ ಬಾಗಿಲು ರೆಂಡರ್ ಆಗಿ ಬಂದಾಗ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಇಲ್ಲದೆ ಬೋಳಾಗಿರುತ್ತದೆ. ಸಂಕಲನದವರು ಒಂದು ಪ್ರತಿ, ಕಂಪೋಸಿಟಿಂಗ್‌ನವರು (ಚಿತ್ರದ ಪದರಗಳನ್ನು ಕೂಡಿಸುವವರು) ಇನ್ನೊಂದು ಪ್ರತಿ ಇಟ್ಟುಕೊಂಡು, ಯಾವುದು ಕೊನೆಯದೆಂದು ಸಂಜೆ ಕುಳಿತು ಹೋಲಿಸುತ್ತಾರೆ. ದೊಡ್ಡ ಡಿಸ್ಕ್ ತಂದರೆ ಆಯಿತಲ್ಲ ಎಂದು ಯಜಮಾನರು ಹೇಳುತ್ತಾರೆ. ಡಿಸ್ಕ್‌ನಿಂದ ಮುಗಿಯುವ ಕೆಲಸ ಇದಲ್ಲ ಎಂದು ನನಗೆ ಅನ್ನಿಸುತ್ತದೆ. ತಿಳಿದವರು ದಾರಿ ತೋರಿಸಿ.

ಡೊಂಬಿವಲಿ ಲೋಕಲ್, ಡೊಂಬಿವಲಿ

ಅಕ್ಕ, ಮೊದಲ ತೊಂದರೆಗೆ ಕಾರಣ ಸರಳ. ವಿಂಡೋಸ್ 10 ಇರುವ ಡೆಸ್ಕ್‌ಟಾಪ್ ಒಂದೇ ಹೊತ್ತಿಗೆ 20 ಯಂತ್ರಗಳಿಗಷ್ಟೇ ಶೇರ್ ತೆರೆದುಕೊಡುತ್ತದೆ. ಅದು ಪರವಾನಗಿಯ ಮಿತಿ. ಮ್ಯಾಕ್‌ಗಳನ್ನು ಬಿಟ್ಟರೂ ನಿಮ್ಮಲ್ಲಿ 28 ಯಂತ್ರಗಳಾಗುತ್ತವೆ, ರಾತ್ರಿ ರೆಂಡರ್ ಮುಗಿಸದ ಯಂತ್ರಗಳು ಬೆಳಿಗ್ಗೆಯೂ ಜಾಗ ಹಿಡಿದು ಕುಳಿತಿರುತ್ತವೆ. ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಯಂತ್ರವನ್ನು ಸರ್ವರ್ ಕೆಲಸದಿಂದ ಬಿಡಿಸಿ.

ಕೋಥ್ರೂಡ್ ಕೊಂಡಿ, ಪುಣೆ

ಮಲ್ಲಿಗೆಯವರೇ, ನಿಮ್ಮ ಅನಿಸಿಕೆ ಸರಿ. ಇಂಥ ಸ್ಟುಡಿಯೋಗಳಿಗೆ ಜಾಲ ಕಟ್ಟಿಕೊಡುವುದೇ ನನ್ನ ಕಸುಬು. ಡಿಸ್ಕ್ ಕೊಳ್ಳುವ ಮೊದಲು ಎರಡು ವಿಷಯ ಕಾಗದದ ಮೇಲೆ ಇಳಿಯಲಿ ಎಂದು ಹೋದಲ್ಲೆಲ್ಲ ಹಟ ಹಿಡಿಯುತ್ತೇನೆ: ಒಂದೇ ಫೈಲ್‌ಗೆ ಮೂರು ಬಗೆಯ ಯಂತ್ರಗಳಲ್ಲಿ ವಿಳಾಸ ಏನು, ಮತ್ತು ಯಾವ ಬಳಕೆದಾರರಿಗೆ ಯಾವ ಸಂಖ್ಯೆ. ಇವೆರಡು ತೀರ್ಮಾನವಾಗದೆ ಎಷ್ಟು ದೊಡ್ಡ ಡಿಸ್ಕ್ ತಂದರೂ ಗೊಂದಲ ದೊಡ್ಡದಾಗುತ್ತದೆ ಅಷ್ಟೆ.

ವಿಂಡೋಸ್‌ನವರು ಶೇರ್ ಅನ್ನು ಝಡ್ ಡ್ರೈವ್ ಆಗಿ ಜೋಡಿಸಿಕೊಂಡಿರುತ್ತಾರೆ. ಮ್ಯಾಕ್‌ನಲ್ಲಿ ಅದೇ ಶೇರ್ /ವಾಲ್ಯೂಮ್ಸ್/ಕೆಲಸ ಆಗಿರುತ್ತದೆ, ಲಿನಕ್ಸ್‌ನಲ್ಲಿ ಇನ್ನೇನೋ. ಮಾಯಾ ತನ್ನ ಸೀನ್ ಫೈಲ್ ಒಳಗೆ ಟೆಕ್ಸ್ಚರ್‌ನ ಪೂರ್ತಿ ವಿಳಾಸವನ್ನು ಝಡ್ ಸಮೇತ ಬರೆದಿಟ್ಟಿರುತ್ತದೆ. ಲಿನಕ್ಸ್ ಯಂತ್ರಕ್ಕೆ ಝಡ್ ಎಂಬುದು ಗೊತ್ತೇ ಇಲ್ಲ. ನಿಮ್ಮ ಬಾಗಿಲು ಬೋಳಾಗುವುದು ಇದರಿಂದಲೇ ಇರಬೇಕು. ರೆಂಡರ್ ಲಾಗ್ ತೆರೆದು ನೋಡಿ. ಸಿಗಲಿಲ್ಲವೆಂದು ಅಲ್ಲಿ ಬರೆದಿರುವ ಫೈಲ್‌ನ ವಿಳಾಸ ಝಡ್‌ನಿಂದ ಶುರುವಾಗಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ.

ಲಿನಕ್ಸ್ ಮತ್ತು ಮ್ಯಾಕ್ ಎರಡರಲ್ಲೂ ವಿಳಾಸ ಒಂದೇ ಇರಲಿ, /ಸ್ಟುಡಿಯೋ ಎಂದಿಟ್ಟುಕೊಳ್ಳೋಣ. 2019ರ ಕ್ಯಾಟಲೀನಾ ಆವೃತ್ತಿಯಿಂದ ಮ್ಯಾಕ್ ತನ್ನ ಬೇರಿನ (ಎಲ್ಲಕ್ಕೂ ಮೇಲಿನ, ರೂಟ್) ಫೋಲ್ಡರ್‌ನಲ್ಲಿ ಹೊಸದೇನನ್ನೂ ಸೃಷ್ಟಿಸಲು ಬಿಡುವುದಿಲ್ಲ. ಆದರೆ ಇಟಿಸಿ ಫೋಲ್ಡರ್‌ನಲ್ಲಿ ‘ಸಿಂಥೆಟಿಕ್ ಡಾಟ್ ಕಾನ್ಫ್’ ಎಂಬ ಫೈಲ್ ಮಾಡಿ, ಹೆಸರು ಮತ್ತು ಗುರಿಯನ್ನು ಒಂದು ಸಾಲಿನಲ್ಲಿ ಬರೆದು, ಯಂತ್ರವನ್ನು ಮರುಚಾಲನೆ ಮಾಡಿದರೆ ಆಗುತ್ತದೆ. ಎರಡರ ನಡುವೆ ಸ್ಪೇಸ್ ಅಲ್ಲ, ಟ್ಯಾಬ್ ಇರಬೇಕು. ಇನ್ನೊಂದು ಲಾಭವೂ ಇದೆ. ಸಂಪರ್ಕ ಕಡಿದು ಮತ್ತೆ ಸೇರಿದಾಗ ಮ್ಯಾಕ್ ಕೆಲವೊಮ್ಮೆ ಶೇರ್ ಹೆಸರಿನ ಕೊನೆಗೆ 1 ಸೇರಿಸಿ ಹೊಸ ವಿಳಾಸ ಕೊಡುತ್ತದೆ, ಸಂಕಲನದ ಟೈಮ್‌ಲೈನ್‌ನಲ್ಲಿರುವ ಕ್ಲಿಪ್‌ಗಳೆಲ್ಲ ಕಾಣೆಯಾದಂತೆ ತೋರುತ್ತದೆ. ನಿಗದಿತ ಜಾಗಕ್ಕೆ ತಾನಾಗಿ ಜೋಡಣೆಯಾಗುವಂತೆ ಮಾಡಿದರೆ ಆ ಕಾಟ ಇಲ್ಲ.

ರೆಂಡರ್ ಯಂತ್ರಗಳ ಮಾಯಾದಲ್ಲಿ ಡರ್‌ಮ್ಯಾಪ್ ಆಜ್ಞೆ ಬಳಸಿ, ಝಡ್ ಎಂದು ಬಂದಲ್ಲಿ /ಸ್ಟುಡಿಯೋ ಎಂದು ಓದಿಕೊಳ್ಳುವಂತೆ ಹೇಳಿ. ಬ್ಲೆಂಡರ್ ಇದ್ದರೆ ಎರಡು ಓರೆಗೆರೆಯಿಂದ ಶುರುವಾಗುವ ಸಾಪೇಕ್ಷ ವಿಳಾಸವೇ ಸಾಕು. ರಾತ್ರಿ ಹೊತ್ತು ವಿಂಡೋಸ್ ಯಂತ್ರಗಳನ್ನೂ ರೆಂಡರ್‌ಗೆ ಹಚ್ಚುವುದಾದರೆ ಒಂದು ಎಚ್ಚರ: ಡ್ರೈವ್ ಅಕ್ಷರ ಕಾಣುವುದು ಅದನ್ನು ಜೋಡಿಸಿದ ಲಾಗಿನ್‌ಗೆ ಮಾತ್ರ. ಹಿನ್ನೆಲೆಯಲ್ಲಿ ಸರ್ವಿಸ್ ಆಗಿ ಓಡುವ ತಂತ್ರಾಂಶಕ್ಕೆ ಝಡ್ ಕಾಣುವುದಿಲ್ಲ, \\ಕಣಜ\ಕೆಲಸ ಎಂಬ ಪೂರ್ಣ ವಿಳಾಸ ಬೇಕು. ಕಣಜ ಎನ್ನುವುದು ಸರ್ವರ್‌ಗೆ ನಾನಿಡುವ ಹೆಸರು. ನಿಮಗೆ ಒಪ್ಪುವುದನ್ನು ಇಡಿ, ಆದರೆ ಐಪಿ ಸಂಖ್ಯೆ ಹಾಕಿ ಯಾರೂ ಜೋಡಿಸಿಕೊಳ್ಳದಂತೆ ನೋಡಿಕೊಳ್ಳಿ. ಮುಂದೆ ಸರ್ವರ್ ಬದಲಾದರೂ ಹೆಸರು ಉಳಿಯುತ್ತದೆ.

ಸರ್ವರ್‌ಗೆ ಲಿನಕ್ಸ್ ಹಾಕಿ, ಅದರ ಮೇಲೆ ಸಾಂಬಾ. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಶುರು ಮಾಡಿದ ಈ ಮುಕ್ತ ತಂತ್ರಾಂಶ ವಿಂಡೋಸ್ ಫೈಲ್ ಹಂಚಲು ಬಳಸುವ ಎಸ್‌ಎಂಬಿ ಭಾಷೆಯನ್ನು ಮಾತನಾಡುತ್ತದೆ. ಮ್ಯಾಕ್‌ಗೂ ಈಗ ಅದೇ ಮೊದಲ ಆಯ್ಕೆ: ಆಪಲ್ 2013ರ ಮ್ಯಾವರಿಕ್ಸ್‌ನಿಂದ ಎಸ್‌ಎಂಬಿಯನ್ನೇ ಮುಂದಿಟ್ಟಿತು, 2020ರ ಬಿಗ್ ಸರ್‌ನಲ್ಲಿ ತನ್ನದೇ ಹಳೆಯ ಭಾಷೆಯಾದ ಎಎಫ್‌ಪಿಯಲ್ಲಿ ಶೇರ್ ಮಾಡುವ ಸೌಲಭ್ಯವನ್ನೇ ತೆಗೆಯಿತು. ನಿಮ್ಮ ಮ್ಯಾಕ್ ಮಿನಿಯ ಕಾಲ ಮುಗಿದಿದೆ.

ಹಿಂಜವಡಿ ಹಾದಿ, ಪುಣೆ

ಕೊಂಡಿಯವರ ಮಾತಿಗೆ ನನ್ನ ತಕರಾರಿದೆ. ಸಾಂಬಾ ಯಾಕೆ ಬೇಕು? ಫೈಲ್ ಹಂಚುವ ಇನ್ನೊಂದು ಪ್ರೋಟೋಕಾಲ್ ಆದ ಎನ್‌ಎಫ್‌ಎಸ್ ಇಟ್ಟರೆ ಲಿನಕ್ಸ್‌ಗೆ ಅದು ತವರುಮನೆಯ ಭಾಷೆ, ಮ್ಯಾಕ್‌ಗೂ ಬರುತ್ತದೆ, ವಿಂಡೋಸ್ ಪ್ರೊ ಆವೃತ್ತಿಯಲ್ಲೂ ಅದರ ಕ್ಲೈಂಟ್ ಸೇರಿಸಿಕೊಳ್ಳಬಹುದು. ಒಂದೇ ಬಾಗಿಲು, ಒಂದೇ ನಿಯಮ. ಸನ್ ಕಂಪನಿ 1984ರಲ್ಲಿ ಹೊರತಂದದ್ದು ಇಂದಿಗೂ ದೊಡ್ಡ ದೊಡ್ಡ ರೆಂಡರ್ ಫಾರ್ಮ್‌ಗಳನ್ನು ನಡೆಸುತ್ತಿದೆ.

ಕೋಥ್ರೂಡ್ ಕೊಂಡಿ, ಪುಣೆ

ಹಾದಿಯವರೇ, ರೆಂಡರ್ ಯಂತ್ರಗಳಿಗೆ ಎನ್‌ಎಫ್‌ಎಸ್ ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮನುಷ್ಯರು ಕೂರುವ ಯಂತ್ರಗಳಿಗೆ ಬೇಡ ಎನ್ನುತ್ತೇನೆ. ಸಾಮಾನ್ಯವಾಗಿ ಹಾಕುವ ಎನ್‌ಎಫ್‌ಎಸ್ 3ರಲ್ಲಿ ಪಾಸ್‌ವರ್ಡ್ ಇಲ್ಲ. ಕ್ಲೈಂಟ್ ಯಂತ್ರ ಹೇಳಿದ ಬಳಕೆದಾರ ಸಂಖ್ಯೆಯನ್ನು ಸರ್ವರ್ ನಂಬುತ್ತದೆ. ಮ್ಯಾಕ್‌ನಲ್ಲಿ ಮೊದಲ ಬಳಕೆದಾರರ ಸಂಖ್ಯೆ 501, ಉಬುಂಟುವಿನಲ್ಲಿ 1000. ಹೊಸ ಮ್ಯಾಕ್ ತಂದು ಹೆಸರು ಹಾಕಿಕೊಂಡು ಕುಳಿತ ಆರು ಜನರೂ ಸರ್ವರ್‌ನ ಕಣ್ಣಿಗೆ ಒಬ್ಬನೇ 501. ಯಾರು ಯಾವುದನ್ನು ಅಳಿಸಿದರು ಎಂದು ಹೇಗೆ ಹೇಳುವುದು? ಒಬ್ಬರು 16ಕ್ಕಿಂತ ಹೆಚ್ಚು ಗುಂಪುಗಳಲ್ಲಿದ್ದರೆ ಉಳಿದವು ಆ ಪ್ರೋಟೋಕಾಲ್‌ನಲ್ಲಿ ಹೋಗುವುದೇ ಇಲ್ಲ. ಕರ್ಬೆರೋಸ್ ಎಂಬ ಗುರುತು ಪರಿಶೀಲಿಸುವ ವ್ಯವಸ್ಥೆ ಸೇರಿಸಿ ಇದನ್ನೆಲ್ಲ ಸರಿಪಡಿಸಬಹುದು, ಆದರೆ ಒಬ್ಬರೇ ಉಸ್ತುವಾರಿ ಇರುವ ಸ್ಟುಡಿಯೋಗೆ ಅದು ಹೊರೆ.

ಮಲ್ಲಿಗೆಯವರು ಹೀಗೆ ಮಾಡಲಿ ಎಂಬುದು ನನ್ನ ಸಲಹೆ. ಜನರಿಗೆ ಸಾಂಬಾ, ಪ್ರತಿಯೊಬ್ಬರಿಗೂ ಸ್ವಂತ ಹೆಸರು ಮತ್ತು ಪಾಸ್‌ವರ್ಡ್. ರೆಂಡರ್ ಯಂತ್ರಗಳಿಗೆ ಎನ್‌ಎಫ್‌ಎಸ್, ಅದೂ ಎರಡು ತುಂಡಾಗಿ: ಸೀನ್ ಮತ್ತು ಟೆಕ್ಸ್ಚರ್ ಇರುವ ಭಾಗ ಓದಲು ಮಾತ್ರ, ಫ್ರೇಮ್‌ಗಳು ಬೀಳುವ ಫೋಲ್ಡರ್ ಬರೆಯಲು. ಬರೆಯುವ ಭಾಗಕ್ಕೆ ‘ಆಲ್ ಸ್ಕ್ವಾಶ್’ ಹಾಕಿ, ಯಾವ ಯಂತ್ರ ಬರೆದರೂ ಫೈಲ್ ‘ರೆಂಡರ್’ ಎಂಬ ಒಬ್ಬ ಬಳಕೆದಾರರ ಹೆಸರಿನಲ್ಲೇ ಇಳಿಯುವಂತೆ ಮಾಡಿ. ಒಂದೇ ಫೈಲ್ ಅನ್ನು ಎರಡು ಪ್ರೋಟೋಕಾಲ್‌ಗಳಿಂದ ಎರಡು ಕಡೆಯವರು ಒಟ್ಟಿಗೆ ಬರೆಯುವ ಸಂದರ್ಭವೇ ಬರದಿದ್ದರೆ ಲಾಕ್‌ಗಳ ರಗಳೆಯೂ ಬರುವುದಿಲ್ಲ.

ಆ ಫ್ರೇಮ್‌ಗಳನ್ನು ಕಲಾವಿದರು ಅಳಿಸಲು ಆಗಬೇಕಲ್ಲ, ಅದಕ್ಕೆ ಎಲ್ಲರೂ ಒಂದೇ ಗುಂಪಿನಲ್ಲಿರಬೇಕು. ಫೋಲ್ಡರ್‌ಗೆ 2775 ಅನುಮತಿ ಕೊಡಿ. ಮುಂದಿರುವ ಆ 2 ಇದ್ದರೆ ಒಳಗೆ ಹುಟ್ಟುವುದೆಲ್ಲ ಅದೇ ಗುಂಪಿಗೆ ಸೇರುತ್ತದೆ. ಸಾಂಬಾದಲ್ಲಿ ‘ಕ್ರಿಯೇಟ್ ಮಾಸ್ಕ್’ 0664, ‘ಡೈರೆಕ್ಟರಿ ಮಾಸ್ಕ್’ 2775. ರೆಂಡರ್ ಯಂತ್ರಗಳಲ್ಲಿ ಯುಮಾಸ್ಕ್ (ಹೊಸ ಫೈಲ್‌ಗಳಿಗೆ ಯಾವ ಅನುಮತಿ ಕೊಡಬಾರದು ಎಂದು ಹೇಳುವ ಸಂಖ್ಯೆ) 0002. ಹೆಚ್ಚಿನವರು ಸಾಂಬಾ ಕಡೆ ಸರಿಮಾಡಿ ಈ ಕೊನೆಯದನ್ನು ಬಿಡುತ್ತಾರೆ. ಅದು 0022 ಆಗಿಯೇ ಉಳಿದರೆ ಶಾಟ್‌ಗೊಂದು ಫೋಲ್ಡರ್ ರೆಂಡರ್ ಯಂತ್ರದಿಂದಲೇ ಹುಟ್ಟಿದಾಗ ಗುಂಪಿನವರಿಗೆ ಅದರೊಳಗೆ ಬರೆಯುವ ಹಕ್ಕೇ ಇರುವುದಿಲ್ಲ, ಅಳಿಸುವ ಹಕ್ಕೂ ಇರುವುದಿಲ್ಲ.

ಹಿಂಜವಡಿ ಹಾದಿ, ಪುಣೆ

ಓದಲು ಒಂದು, ಬರೆಯಲು ಒಂದು ಎಂಬ ವಿಂಗಡಣೆ ಚೆನ್ನಾಗಿದೆ, ಒಪ್ಪಿದೆ. ಒಂದು ಮಾತು ಸೇರಿಸುತ್ತೇನೆ. ಈಗ ವಿಂಡೋಸ್ ಶೇರ್ ಇರುವುದರಿಂದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಅದಲುಬದಲಾದರೂ ಲಿನಕ್ಸ್ ಯಂತ್ರಕ್ಕೆ ಫೈಲ್ ಸಿಗುತ್ತದೆ, ಏಕೆಂದರೆ ಹುಡುಕುವುದು ವಿಂಡೋಸ್. ಎನ್‌ಎಫ್‌ಎಸ್‌ಗೆ ಬಂದ ದಿನ ಆ ರಿಯಾಯಿತಿ ಹೋಗುತ್ತದೆ. ಕಲಾವಿದರು ಫೈಲ್ ಕೊನೆಗೆ ದೊಡ್ಡಕ್ಷರದ ಟಿಜಿಎ ಎಂದು ಉಳಿಸಿ, ಸೀನ್ ಚಿಕ್ಕಕ್ಷರದ ಟಿಜಿಎ ಕೇಳಿದರೆ ಬಾಗಿಲು ಮತ್ತೆ ಬೋಳು. ಸ್ಥಳಾಂತರಕ್ಕೆ ಮೊದಲೇ ಎಲ್ಲ ಹೆಸರುಗಳನ್ನೂ ಚಿಕ್ಕಕ್ಷರಕ್ಕೆ ಇಳಿಸಿ, ಸೀನ್‌ಗಳ ಒಳಗಿನ ವಿಳಾಸಗಳನ್ನೂ ಅದಕ್ಕೆ ಹೊಂದಿಸಿ. ಮ್ಯಾಕ್‌ನವರು ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಹಾಕುವುದನ್ನೂ ನಿಲ್ಲಿಸಬೇಕು. ವಿಂಡೋಸ್ ಅವುಗಳನ್ನು ಒಪ್ಪುವುದಿಲ್ಲ.

ಮಾಟುಂಗಾ ಮಿತ್ರ, ಮುಂಬೈ

ನಾನು ಸಂಕಲನಕಾರ, ಮ್ಯಾಕ್ ಮುಂದೆ ಕೂರುವವನು. ಸಾಂಬಾ ಹಾಕಿದವರು ನಮ್ಮ ಕಡೆಗೆ ನೋಡದೆ ಹೋದರೆ ಆಗುವ ಹಿಂಸೆ ಹೇಳುತ್ತೇನೆ. ಪ್ರತಿ ಫೈಲ್‌ಗೂ ಜೊತೆಯಾಗಿ ಚುಕ್ಕೆ, ಅಡಿಗೆರೆ ಇರುವ ಮರಿ ಫೈಲ್ ಹುಟ್ಟುತ್ತದೆ. ಸಾವಿರಾರು ಫ್ರೇಮ್ ಇರುವ ಫೋಲ್ಡರ್ ತೆರೆದರೆ ಫೈಂಡರ್ ಸುಮ್ಮನೆ ತಿರುಗುತ್ತಿರುತ್ತದೆ. ಇದಕ್ಕೆ ಸಾಂಬಾದಲ್ಲಿಯೇ ‘ಫ್ರೂಟ್’ ಎಂಬ ಮಾಡ್ಯೂಲ್ ಇದೆ, ಹೆಸರೇ ಹೇಳುವಂತೆ ಆಪಲ್‌ಗಾಗಿ ಮಾಡಿದ್ದು. ಕಾಟಿಯಾ, ಫ್ರೂಟ್, ಸ್ಟ್ರೀಮ್ಸ್ ಎಕ್ಸ್‌ಆಟರ್ ಈ ಮೂರನ್ನೂ ಇದೇ ಕ್ರಮದಲ್ಲಿ, ಒಂದು ಶೇರ್‌ಗಷ್ಟೇ ಅಲ್ಲ, ಗ್ಲೋಬಲ್ ಭಾಗದಲ್ಲಿ ಹಾಕಿಸಿ. ‘ಫ್ರೂಟ್ ಮೆಟಾಡೇಟಾ’ಗೆ ‘ಸ್ಟ್ರೀಮ್’ ಎಂದು ಕೊಟ್ಟರೆ ಮರಿ ಫೈಲ್‌ಗಳು ಹುಟ್ಟುವುದಿಲ್ಲ. ‘ಫ್ರೂಟ್ ಎನ್‌ಎಫ್‌ಎಸ್ ಏಸಸ್’ಗೆ ‘ನೋ’ ಕೊಡಿ, ಇಲ್ಲವಾದರೆ ಕೊಂಡಿಯವರು ಹೇಳಿದ ಅನುಮತಿಗಳನ್ನು ಮ್ಯಾಕ್ ತನಗೆ ಬೇಕಾದಂತೆ ಬದಲಿಸುತ್ತದೆ. ಫೋಲ್ಡರ್‌ನ ನೋಟ ನೆನಪಿಡಲು ಫೈಂಡರ್ ಬರೆಯುವ ಡಿಎಸ್ ಸ್ಟೋರ್ ಫೈಲ್‌ಗಳನ್ನು ಜಾಲದ ಮೇಲೆ ಬರೆಯದಂತೆ ತಡೆಯುವ ಆಜ್ಞೆ ಪ್ರತಿ ಮ್ಯಾಕ್‌ನಲ್ಲೂ ಕೊಡಬೇಕು.

ಇನ್ನು ವೇಗ. ದಯವಿಟ್ಟು ಯಜಮಾನರಿಗೆ ಈ ಲೆಕ್ಕ ತೋರಿಸಿ. 1920×1080ರ ಒಂದು ಇಎಕ್ಸ್‌ಆರ್ (ರೆಂಡರ್ ಚಿತ್ರಗಳ ಫೈಲ್ ಮಾದರಿ) ಫ್ರೇಮ್, ನಾಲ್ಕು ಚಾನೆಲ್, ಹಾಫ್ ಫ್ಲೋಟ್ (ಪ್ರತಿ ಬೆಲೆಗೆ ಎರಡು ಬೈಟ್), ಕುಗ್ಗಿಸದೆ ಇದ್ದರೆ ಸುಮಾರು 16.6 ಎಂಬಿ. ಸೆಕೆಂಡಿಗೆ 24 ಫ್ರೇಮ್ ಎಂದರೆ ಸುಮಾರು 398 ಎಂಬಿ. ಒಂದು ಗಿಗಾಬಿಟ್ ಕೇಬಲ್‌ನಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ 110 ಎಂಬಿ ಆಸುಪಾಸು. ಕಂಪೋಸಿಟಿಂಗ್‌ನವರು ಶಾಟ್ ಅನ್ನು ನೈಜ ವೇಗದಲ್ಲಿ ನೋಡಲಾರದೆ ಮತ್ತೆ ಮತ್ತೆ ಸ್ವಂತ ಡಿಸ್ಕ್‌ಗೆ ಪ್ರತಿ ಮಾಡಿಕೊಳ್ಳುತ್ತಾರೆ. ಮಲ್ಲಿಗೆಯವರು ಹೇಳಿದ ‘ಯಾವುದು ಕೊನೆಯ ಪ್ರತಿ’ ಎಂಬ ಸಂಜೆಯ ಪಂಚಾಯಿತಿ ಹುಟ್ಟುವುದೇ ಇಲ್ಲಿಂದ.

ಡೊಂಬಿವಲಿ ಲೋಕಲ್, ಡೊಂಬಿವಲಿ

ಹಾಗಾದರೆ ಸರ್ವರ್‌ನಿಂದ ಸ್ವಿಚ್‌ಗೆ 10 ಗಿಗಾಬಿಟ್, ಅಲ್ಲಿಂದ ಸಂಕಲನ ಮತ್ತು ಕಂಪೋಸಿಟಿಂಗ್ ಯಂತ್ರಗಳಿಗೂ 10, ಮಾಡೆಲಿಂಗ್ ಮಾಡುವವರಿಗೆ 1 ಗಿಗಾಬಿಟ್ ಸಾಕು. ನಾಲ್ಕು ಹಳೆಯ ಕೇಬಲ್‌ಗಳನ್ನು ಒಟ್ಟು ಕಟ್ಟಿದರೆ ನಾಲ್ಕು ಪಟ್ಟು ವೇಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಕಟ್ಟಿದರೆ ಹಲವರಿಗೆ ಹಂಚಿಕೆಯಾಗುತ್ತದೆ, ಒಬ್ಬರ ಒಂದು ಸಂಪರ್ಕಕ್ಕೆ ಸಿಗುವುದು ಒಂದೇ ಕೇಬಲ್‌ನ ವೇಗ. 10 ಗಿಗಾಬಿಟ್‌ಗೆ ಕ್ಯಾಟ್ 6 ಕೇಬಲ್ 55 ಮೀಟರ್‌ವರೆಗೆ ನಡೆಯುತ್ತದೆ, ಅದಕ್ಕಿಂತ ದೂರವಿದ್ದರೆ ಕ್ಯಾಟ್ 6ಎ. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಕೇಬಲ್ ಕೊಳ್ಳುವಾಗ ಒಳಗಿನ ತಂತಿ ಪೂರ್ತಿ ತಾಮ್ರದ್ದೇ ಎಂದು ಕೇಳಿ, ಒಂದು ತುದಿ ಕತ್ತರಿಸಿ ಕೆರೆದು ನೋಡಿ. ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ವಾಪಸ್ ಕೊಡಿ.

ಮರೋಳದ ಮಲ್ಲಿಗೆ, ಮುಂಬೈ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ರೆಂಡರ್ ಲಾಗ್ ನೋಡಿದೆ, ಕೊಂಡಿ ಸರ್ ಹೇಳಿದಂತೆ ಸಿಗದ ಫೈಲ್‌ಗಳ ವಿಳಾಸವೆಲ್ಲ ಝಡ್‌ನಿಂದ ಶುರು. ಡರ್‌ಮ್ಯಾಪ್ ಹಾಕಿದ ಮೇಲೆ ಬಾಗಿಲಿಗೆ ಮರದ ಬಣ್ಣ ಬಂದಿದೆ. ಒಂದು ಯಂತ್ರದಲ್ಲಿ ಲಿನಕ್ಸ್, ಸಾಂಬಾ ಹಾಕಿ ಪರೀಕ್ಷೆ ಮಾಡುತ್ತಿದ್ದೇನೆ.

ಈಗ ಒಂದು ವಿಚಿತ್ರ ಎದುರಾಗಿದೆ. ಹಳೆಯ ಮ್ಯಾಕ್ ಮಿನಿಯ ಡಿಸ್ಕ್‌ನಿಂದ ಆರ್‌ಸಿಂಕ್ ಆಜ್ಞೆಯಿಂದ ಪ್ರತಿ ಮಾಡಿ, ಆಮೇಲೆ ವಿಂಡೋಸ್ ಶೇರ್‌ನಲ್ಲಿದ್ದುದನ್ನು ಅದರ ಮೇಲೆ ಸೇರಿಸಿದೆ. ‘ಕೋಳಿ’ ಎಂಬ ಫೋಲ್ಡರ್ ಎರಡಾಗಿದೆ! ಅಕ್ಷರ ಅಕ್ಷರ ಹೋಲಿಸಿದರೂ ಒಂದೇ. ಒಂದರಲ್ಲಿ ಧ್ವನಿ ಫೈಲ್‌ಗಳು, ಇನ್ನೊಂದರಲ್ಲಿ ಚಿತ್ರಗಳು. ‘ಗೀತೆ’ಯೂ ಹಾಗೆಯೇ. ಆದರೆ ‘ಆನೆ’, ‘ಮಂಗ’, ‘ಅಜ್ಜಿ’ ಸರಿಯಾಗಿ ಒಂದಾಗಿವೆ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಹೇಗೆ ಸಾಧ್ಯ?

ಕೋಥ್ರೂಡ್ ಕೊಂಡಿ, ಪುಣೆ

ಬಹಳ ಒಳ್ಳೆಯ ಪ್ರಶ್ನೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಇಡುವವರಿಗೆ ಇದು ಎದುರಾಗುವುದೇ ಇಲ್ಲ. ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಎರಡು ಬಗೆಯಲ್ಲಿ ಬರೆಯಬಹುದು. ಒಂದು, ಇಡೀ ‘ೋ’ ಒಂದೇ ಸಂಕೇತವಾಗಿ. ಎರಡು, ಬಿಡಿಸಿ: ಎಕಾರದ ಚಿಹ್ನೆ, ಅದರ ಮುಂದಿನ ಊಕಾರದ ಚಿಹ್ನೆ, ಕೊನೆಗೆ ದೀರ್ಘ, ಹೀಗೆ ಮೂರು ಸಂಕೇತಗಳಾಗಿ. ಪರದೆಯ ಮೇಲೆ ಎರಡೂ ಒಂದೇ ಕೋ. ಡಿಸ್ಕ್ ಮೇಲಿನ ಬೈಟ್‌ಗಳು ಬೇರೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನೆಲ್ಲ ಬಿಡಿಸಿಯೇ ಇಡುತ್ತಿತ್ತು, ವಿಂಡೋಸ್ ಕೀಲಿಮಣೆಯಿಂದ ಬರುವುದು ಕೂಡಿಸಿದ ರೂಪ. ಆರ್‌ಸಿಂಕ್ ಬೈಟ್‌ಗಳನ್ನು ಇದ್ದಂತೆ ತಂದಿತು, ಲಿನಕ್ಸ್‌ಗೆ ಬೈಟ್ ಬೇರೆಯಾದರೆ ಹೆಸರೇ ಬೇರೆ.

ಕನ್ನಡದಲ್ಲಿ ಹೀಗೆ ಬಿಡಿಸಿಕೊಳ್ಳುವ ಚಿಹ್ನೆಗಳು ಐದು: ೀ, ೇ, ೈ, ೊ, ೋ. ನಿಮ್ಮ ಪಟ್ಟಿಯನ್ನೇ ನೋಡಿ. ಕೋಳಿಯಲ್ಲಿ ೋ ಇದೆ, ಗೀತೆಯಲ್ಲಿ ೀ ಇದೆ. ಆನೆ, ಮಂಗ, ಅಜ್ಜಿಗಳಲ್ಲಿ ಈ ಐದರಲ್ಲಿ ಯಾವುದೂ ಇಲ್ಲ.

‘ಕನ್ವ್‌ಎಂವಿ’ ಎಂಬ ಪುಟ್ಟ ಆಜ್ಞೆ ಇದೆ. ಎರಡೂ ಕಡೆ ಯುಟಿಎಫ್-8 ಎಂದು ಹೇಳಿ, ಎನ್‌ಎಫ್‌ಸಿ (ಕೂಡಿಸಿದ ರೂಪ) ಆಯ್ಕೆ ಕೊಟ್ಟು ಎಲ್ಲ ಫೋಲ್ಡರ್‌ಗಳ ಮೇಲೆ ಓಡಿಸಿ. ಮೊದಲು ಅದು ಏನೇನು ಬದಲಿಸಲಿದೆ ಎಂದು ತೋರಿಸುತ್ತದೆ ಅಷ್ಟೆ. ‘ನೋಟೆಸ್ಟ್’ ಎಂದು ಸೇರಿಸಿದಾಗ ಮಾತ್ರ ನಿಜವಾಗಿ ಬದಲಿಸುತ್ತದೆ. ನಿಮ್ಮಲ್ಲಿ ಎರಡು ಕೋಳಿಗಳು ಆಗಲೇ ಇರುವುದರಿಂದ ಹೆಸರುಗಳು ಡಿಕ್ಕಿ ಹೊಡೆಯುತ್ತವೆ; ಒಂದರೊಳಗಿನದನ್ನು ಇನ್ನೊಂದಕ್ಕೆ ಸಾಗಿಸಿ, ಖಾಲಿಯಾದದ್ದನ್ನು ತೆಗೆದು, ಆಮೇಲೆ ಓಡಿಸಿ. ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಿ ಎಂದು ಯಾರಾದರೂ ಹೇಳಿಯಾರು. ಅಗತ್ಯವಿಲ್ಲ. ಕನ್ನಡದ ಕೆಲಸಕ್ಕೆ ಕನ್ನಡದ ಹೆಸರು ಇರಲು ಯಂತ್ರದ ಕಡೆಯಿಂದ ಯಾವ ಅಡ್ಡಿಯೂ ಇಲ್ಲ, ರೂಪ ಒಂದೇ ಇದ್ದರೆ ಸಾಕು.

ಮರೋಳದ ಮಲ್ಲಿಗೆ, ಮುಂಬೈ

ಕೋಳಿ, ಗೀತೆ ಎರಡೂ ಒಂದಾದವು! ಇನ್ನೆರಡು ಸಂಗತಿ. ಹೊಸ ವಿಂಡೋಸ್ 11 ಯಂತ್ರಗಳು ಪಾಸ್‌ವರ್ಡ್ ಇಲ್ಲದ ಪರೀಕ್ಷೆಯ ಶೇರ್ ಅನ್ನು ತೆರೆಯುವುದಿಲ್ಲ. ಸ್ಟೋರಿಬೋರ್ಡ್‌ನವರ ಹಳೆಯ ಸ್ಕ್ಯಾನರ್‌ಗೆ ಎಸ್‌ಎಂಬಿ 1 ಬೇಕಂತೆ, ಅದನ್ನು ತೆರೆದಿಡಲೇ?

ಹಿಂಜವಡಿ ಹಾದಿ, ಪುಣೆ

ಮೊದಲನೆಯದು ತೊಂದರೆಯಲ್ಲ, ರಕ್ಷಣೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊದಲ್ಲೂ ಅತಿಥಿ ಲಾಗಿನ್ ಮುಚ್ಚಿದೆ, ಸಂದೇಶಗಳಿಗೆ ಸಹಿ ಕಡ್ಡಾಯವಾಗಿದೆ. ಅದನ್ನು ಸಡಿಲಿಸಬೇಡಿ, ಎಲ್ಲರಿಗೂ ಹೆಸರು ಕೊಡಿ. ಎಸ್‌ಎಂಬಿ 1 ಖಂಡಿತ ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದ್ದು ಅದರ ದೋಷದಿಂದಲೇ. ಸಾಂಬಾ ಕೂಡ 2019ರ 4.11 ಆವೃತ್ತಿಯಿಂದ ಅದನ್ನು ಮೊದಲಿಗೇ ಮುಚ್ಚಿಟ್ಟಿದೆ. ಸ್ಕ್ಯಾನರ್‌ನಿಂದ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಲಿ.

ಮಡಗಾಂವ್ ಮಳೆ, ಗೋವಾ

ಇಷ್ಟು ಹೊತ್ತು ಓದುತ್ತಿದ್ದೆ. ನೀರು ಮತ್ತು ಕರೆಂಟಿನ ಮಾತು ಯಾರೂ ಎತ್ತಲಿಲ್ಲ. ಮಲ್ಲಿಗೆಯವರೇ, ಸರ್ವರ್ ಎಲ್ಲಿ ಇಡುತ್ತೀರಿ? ಮರೋಳ ಎಂದರೆ ಮೀಠಿ ನದಿಯ ಮಗ್ಗುಲು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ ಆ ನದಿ ಏನು ಮಾಡಿತೆಂದು ಮುಂಬೈಯವರಿಗೆ ನಾನು ಹೇಳಬೇಕಿಲ್ಲ. ನಿಮ್ಮದು ನೆಲಮಹಡಿಯ ಗಾಳಾ (ಕೈಗಾರಿಕಾ ಕಟ್ಟಡದ ಮಳಿಗೆ) ಆಗಿದ್ದರೆ ರ‍್ಯಾಕ್‌ನ ಕೆಳಗಿನ ಅರ್ಧವನ್ನು ಖಾಲಿ ಬಿಡಿ.

ಇಲ್ಲಿ ಗೋವಾದಲ್ಲಿ ಮಳೆಗಾಲದ ಗುಡುಗಿಗೆ ಕರೆಂಟು ಹೋಗಿ ಬರುವುದು ಸಾಮಾನ್ಯ. ಯುಪಿಎಸ್ ಇದ್ದರೆ ಮಾತ್ರ ಸಾಲದು, ಅದರಿಂದ ಸರ್ವರ್‌ಗೆ ಯುಎಸ್‌ಬಿ ಕೇಬಲ್ ಜೋಡಿಸಿ, ಬ್ಯಾಟರಿ ಇಳಿದಾಗ ಸರ್ವರ್ ತಾನಾಗಿ ಕ್ರಮವಾಗಿ ಮುಚ್ಚಿಕೊಳ್ಳುವಂತೆ ಮಾಡಿ. ಡಿಸ್ಕ್‌ಗಳಿಗೆ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ರೇಡ್-ಝಡ್2 ಜೋಡಣೆ ಇರಲಿ, ಎರಡು ಡಿಸ್ಕ್ ಸತ್ತರೂ ಫೈಲ್ ಉಳಿಯುತ್ತದೆ. ಆದರೆ ಅದು ಬ್ಯಾಕಪ್ ಅಲ್ಲ. ಬೆಂಕಿ, ನೀರು, ಕಳ್ಳತನ, ಸುಲಿಗೆ ತಂತ್ರಾಂಶ ಇವು ಯಾವುದಕ್ಕೂ ರೇಡ್ ಉತ್ತರವಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಮನೆಯಿಂದ ಕೆಲಸ ಮಾಡುವವರಿಗೆಂದು ಶೇರ್ ಅನ್ನು ನೇರವಾಗಿ ಅಂತರಜಾಲಕ್ಕೆ ತೆರೆಯಬೇಡಿ, ವಿಪಿಎನ್ ಮೂಲಕವೇ ಬರಲಿ.

ಮರೋಳದ ಮಲ್ಲಿಗೆ, ಮುಂಬೈ

ನಮ್ಮದು ನೆಲಮಹಡಿಯ ಗಾಳಾನೇ. ಮೆಜನೈನ್‌ನಲ್ಲಿ (ನೆಲಮಹಡಿಯ ಮೇಲಿನ ಅಟ್ಟದಂಥ ನಡುಮಹಡಿ) ಜಾಗ ಕೇಳಿದ್ದೇನೆ, ಯಜಮಾನರು ಒಪ್ಪಿದ್ದಾರೆ. ಕೊನೆಯ ಪ್ರಶ್ನೆ: ಕಲಾವಿದರು ಮಧ್ಯಾಹ್ನ ತಪ್ಪಿ ಅಳಿಸಿದ ಸೀನ್ ಅನ್ನು, ನನ್ನನ್ನು ಕರೆಯದೆ ತಾವೇ ಮರಳಿ ತರುವಂತೆ ಮಾಡಬಹುದೇ?

ಕೋಥ್ರೂಡ್ ಕೊಂಡಿ, ಪುಣೆ

ಮಾಡಬಹುದು. ಝಡ್‌ಎಫ್‌ಎಸ್‌ನಲ್ಲಿ ಕೆಲಸದ ಹೊತ್ತಿನಲ್ಲಿ ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದಲ್ಲಿ ಫೈಲ್‌ಗಳು ಹೇಗಿದ್ದವೋ ಹಾಗೆ ಹಿಡಿದಿಟ್ಟ ನೋಟ) ತೆಗೆಯಲು ಹೇಳಿ, ಎರಡು ದಿನ ಇಟ್ಟುಕೊಳ್ಳಿ. ದಿನಕ್ಕೊಂದರಂತೆ ಒಂದು ತಿಂಗಳದ್ದೂ ಇರಲಿ. ಬದಲಾದ ಭಾಗಕ್ಕೆ ಮಾತ್ರ ಜಾಗ ಖರ್ಚಾಗುತ್ತದೆ. ಫ್ರೇಮ್‌ಗಳು ಬೀಳುವ ಭಾಗವನ್ನು ಬೇರೆ ಡೇಟಾಸೆಟ್ (ಝಡ್‌ಎಫ್‌ಎಸ್‌ನ ಪ್ರತ್ಯೇಕ ವಿಭಾಗ) ಮಾಡಿ ಸ್ನ್ಯಾಪ್‌ಶಾಟ್‌ನಿಂದ ಹೊರಗಿಡಿ, ಅಲ್ಲಿ ದಿನವೂ ಅಳಿಸಿ ಬರೆಯುವುದರಿಂದ ಡಿಸ್ಕ್ ತುಂಬಿಹೋಗುತ್ತದೆ. ಸಾಂಬಾದಲ್ಲಿ ‘ಶಾಡೋ ಕಾಪಿ 2’ ಮಾಡ್ಯೂಲ್ ಅನ್ನು ಫ್ರೂಟ್ ಸಾಲಿಗೆ ಸೇರಿಸಿ, ಸ್ನ್ಯಾಪ್‌ಶಾಟ್ ಹೆಸರಿನ ದಿನಾಂಕದ ಮಾದರಿ ಅದಕ್ಕೆ ತಿಳಿಸಿದರೆ, ವಿಂಡೋಸ್‌ನಲ್ಲಿ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿದಾಗ ಹಿಂದಿನ ಆವೃತ್ತಿಗಳ ಪಟ್ಟಿ ತೆರೆಯುತ್ತದೆ. ಫೈಂಡರ್‌ನಲ್ಲಿ ಈ ಪಟ್ಟಿ ಇಲ್ಲ, ಮ್ಯಾಕ್‌ನವರಿಗೆ ಸ್ನ್ಯಾಪ್‌ಶಾಟ್‌ಗಳ ಫೋಲ್ಡರ್ ಅನ್ನೇ ಓದಲು ಮಾತ್ರದ ಶೇರ್ ಆಗಿ ಕೊಡಿ.

ಪಟ್ಟಿಯಲ್ಲಿ ‘ರಿಸ್ಟೋರ್’ ಒತ್ತದೆ ‘ಓಪನ್’ ಒತ್ತಿ, ಬೇಕಾದ ಒಂದು ಫೈಲ್ ಅನ್ನು ಹೊರಗೆ ಪ್ರತಿ ಮಾಡಿಕೊಳ್ಳಲು ಎಲ್ಲರಿಗೂ ಹೇಳಿಕೊಡಿ. ರಿಸ್ಟೋರ್ ಒತ್ತಿದರೆ ಫೋಲ್ಡರ್‌ನಲ್ಲಿರುವ ಬೇರೆಯವರ ಹೊಸ ಕೆಲಸದ ಮೇಲೆ ಹಳೆಯದು ಬಂದು ಕೂರುತ್ತದೆ.